ಅರ್ಥಿಂಗ್ ಗುಂಡಿಯ ಉಪ್ಪು

ಅರಸೀಕೆರೆಯ ನಮ್ಮ ಮನೆಗೆ ಎಲೆಕ್ಟ್ರಿಕ್ ಕಾರು ಬಂದಿದ್ದು ನನ್ನ ಹೆಂಡತಿಯ ಹಟದಿಂದ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತಳು. ಅವಳ ತವರು ಮಾದಿಹಳ್ಳಿ. ಅಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು. ವಾರಕ್ಕೊಮ್ಮೆ ತಾನೇ ಕಾರು ಓಡಿಸಿಕೊಂಡು ಹೋಗಿ, ಅವ್ವನಿಗೆ ತಲೆ ಬಾಚಿ, ನಾಲ್ಕು ತುತ್ತು ಉಣ್ಣಿಸಿ ಬರುತ್ತಿದ್ದಳು.

ಚಾರ್ಜಿಗೆ ಮಾತ್ರ ನಾನು ನೆಟ್ಟಗೆ ಏನೂ ಮಾಡಿರಲಿಲ್ಲ. ಗ್ರೈಂಡರಿಗೆಂದು ಹಾಕಿಸಿದ್ದ ಹಳೆಯ ಪ್ಲಗ್ಗಿನಿಂದ ಕಿಟಕಿಯ ಮೂಲಕ ವೈರು ಎಳೆದಿದ್ದೆ. ಕಾರು ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಜೊತೆಗೆ ನೀರಿನ ಮೋಟಾರು ಹಾಕಿದರೆ ಇಡೀ ಮನೆಯ ಕರೆಂಟೇ ಹೋಗುತ್ತಿತ್ತು. "ಕರೆಂಟ್ ಆಫೀಸಿಗೋಗಿ ಲೋಡ್ ಜಾಸ್ತಿ ಮಾಡಿಸ್ರೀ, ಗೋಡೆಗೆ ಹಾಕೋ ಚಾರ್ಜರ್ ತರಿಸ್ರೀ" ಎಂದು ಅವಳು ಹೇಳಿ ಹೇಳಿ ಸಾಕಾದಳು. ನಾನು ಹೂಂ ಅನ್ನುತ್ತಿದ್ದೆ. ಹೂಂ ಅನ್ನುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಒಂದು ಸಂಜೆ ತೆಂಗಿನ ಸಸಿಗಳಿಗೆ ನೀರು ಬಿಡಲು ಕಾರಿನ ಪ್ಲಗ್ ಕಿತ್ತು ಮೋಟಾರು ಹಾಕಿದೆ. ಆಮೇಲೆ ಮತ್ತೆ ಸಿಕ್ಕಿಸುವುದನ್ನು ಮರೆತೆ.

ಬೆಳಗ್ಗೆ ಅವಳ ತಮ್ಮ ಫೋನ್ ಮಾಡಿದ. "ಅಕ್ಕ, ಅವ್ವಂಗೆ ಉಸ್ರು ಎಳೀತೈತೆ, ಬೇಗ ಬಾ."

ಅವಳು ಉಟ್ಟ ಸೀರೆಯಲ್ಲೇ ಓಡಿ ಕಾರಿನಲ್ಲಿ ಕೂತಳು. ಚಾರ್ಜು ಒಂಬತ್ತೇ ಪರ್ಸೆಂಟ್. ಜಾವಗಲ್ ದಾಟುವುದೂ ಅನುಮಾನ.

"ರಾತ್ರಿಯೆಲ್ಲ ಕರೆಂಟ್ ಇರ್ಲಿಲ್ಲ ಕಣೇ" ಎಂದುಬಿಟ್ಟೆ. ಬಾಯಿಗೆ ಮೊದಲು ಬಂದದ್ದು ಅದು. ಅವಳು ನನ್ನ ಮುಖ ನೋಡಿದಳು. ಇಳಿದು ಕಾರಿನ ಬಾಗಿಲು ಹಾಕಿದಳು.

ಮದುವೆಗಳ ಕಾಲ, ಗೊತ್ತಿದ್ದ ಬಾಡಿಗೆ ಕಾರುಗಳೆಲ್ಲ ದಿಬ್ಬಣಕ್ಕೆ ಹೋಗಿದ್ದವು. ಬಸ್ಸಿನಲ್ಲೇ ಹೊರಟೆವು. ಹಳೇಬೀಡಿನಲ್ಲಿ ಇನ್ನೊಂದು ಬಸ್ಸಿಗೆ ಕಾಯುವಾಗ ಅವಳು ರಸ್ತೆಯನ್ನೇ ನೋಡುತ್ತಿದ್ದಳು. ನಾನು ಅವಳ ಕಡೆ ನೋಡಲಾರದೆ, ದೇವಸ್ಥಾನ ನೋಡಲು ಬಂದವರು ಎಳನೀರು ಕುಡಿಯುವುದನ್ನು ನೋಡುತ್ತ ನಿಂತೆ.

ನಾವು ಮುಟ್ಟುವಷ್ಟರಲ್ಲಿ ಅತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. "ಬಂದ್ಲಾ, ಬಂದ್ಲಾ ಅಂತ ನಿಮ್ಮನ್ನೇ ಕೇಳ್ತಿದ್ರು ಅಕ್ಕ" ಎಂದು ತಮ್ಮನ ಹೆಂಡತಿ ಅತ್ತಳು. ಸಂಜೆ ತೋಟದಲ್ಲಿ ಮಣ್ಣು ಮಾಡಿದರು. ನಮ್ಮ ಪದ್ಧತಿಯಂತೆ ಗುಂಡಿಗೆ ಉಪ್ಪು ಸುರಿದರು. ಮೊದಲ ಬೊಗಸೆ ನನ್ನ ಹೆಂಡತಿಯದು.

ತಿಂಗಳು ಕಳೆಯುವುದರೊಳಗೆ ನಾನು ಕರೆಂಟ್ ಆಫೀಸಿಗೆ ಅಲೆದಲೆದು ಲೋಡ್ ಜಾಸ್ತಿ ಮಾಡಿಸಿದೆ, ಚಾರ್ಜರ್ ತರಿಸಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಅಂಥವನು ನಾನು. ಆ ಓಡಾಟದಲ್ಲಿ ತಪ್ಪು ಸ್ವಲ್ಪ ಸವೆದೀತು ಎಂಬ ಆಸೆಯೂ ಇತ್ತು.

"ಅರ್ಥಿಂಗ್ ಗಟ್ಟಿಯಾಗಿರ್ಬೇಕು ಸಾರ್, ಇಲ್ದಿದ್ರೆ ಇದು ಚಾರ್ಜೇ ಮಾಡಲ್ಲ" ಎಂದ ಎಲೆಕ್ಟ್ರಿಷಿಯನ್, ಹಿತ್ತಲಲ್ಲಿ ಆಳದ ಗುಂಡಿ ತೋಡಿ, ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಸುರಿದ. ಉಪ್ಪಿನ ಮೂಟೆ ತಂದವನು ನಾನೇ. ಆದರೂ ನನ್ನ ಮಂಡೆಗೆ ಏನೂ ಹೊಳೆದಿರಲಿಲ್ಲ.

ಕಾಫಿ ತಂದ ಹೆಂಡತಿ ಗುಂಡಿಯ ಹತ್ತಿರ ನಿಂತುಬಿಟ್ಟಳು. ಎಲೆಕ್ಟ್ರಿಷಿಯನ್ ತನ್ನ ಲೋಟ ತೆಗೆದುಕೊಂಡು, ಚಾರ್ಜರ್ ಕೂರಿಸಲು ಮನೆಯ ಮುಂದಕ್ಕೆ ಹೋದ.

"ಅವ್ವಂಗೂ ಹಿಂಗೇ ಸುರಿದ್ವಿ" ಎಂದಳು.

ಇನ್ನು ಮುಚ್ಚಿಡಲಾರದೆ ಹೇಳಿದೆ: "ಆವತ್ತು ಕರೆಂಟ್ ಹೋಗಿರ್ಲಿಲ್ಲ ಕಣೇ. ನಾನೇ..."

"ಗೊತ್ತು. ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು, ನೋಡ್ದೆ."

"ಮತ್ತೆ ಆಗಲೇ ಯಾಕೆ ಕೇಳಲಿಲ್ಲ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಿದ್ರಿ. ಅವ್ವ ಹೋಗೋ ದಿನ ಅದನ್ನೂ ಕೇಳಿಸ್ಕೊಳ್ಳೋ ಶಕ್ತಿ ನಂಗಿರ್ಲಿಲ್ಲ ಕಣ್ರೀ."