ಎಂಟು ಉಂಡೆಯ ಹಾರ್ಮೋನಿಯಂ

ಹೋದ ತಿಂಗಳ ಒಂದು ಶನಿವಾರ, ಭಜನಾ ಮಂಡಳಿಯ ಭಜನೆಯಲ್ಲಿ ಅಮ್ಮಣ್ಣಿಯವರನ್ನು ಹಾರ್ಮೋನಿಯಂ ಮುಂದಿನಿಂದ ಎಬ್ಬಿಸಿ ಊಟ ಬಡಿಸಲು ಕಳುಹಿಸಲಾಯಿತು. ಹಾಡು ಎರಡನೇ ಸಾಲಿನಲ್ಲಿತ್ತು.

ಬೆಳಗಿನ ಐದು ಗಂಟೆ. ಚೆನ್ನೈನ ವೇಲಚೇರಿ ರೈಲು ನಿಲ್ದಾಣದ ಪಕ್ಕದ ಹೋಟೆಲಿನ ಅಡುಗೆಮನೆಯಲ್ಲಿ ಐವತ್ತೇಳರ ಅಮ್ಮಣ್ಣಿ ಪೂರಿ ಉಂಡೆಗಳನ್ನು ಸಾಲಿಗೆ ಎಂಟರಂತೆ ಜೋಡಿಸುತ್ತಿದ್ದಾರೆ. ಲಟ್ಟಿಸುವ ಮೊದಲು ಒಂದೊಂದನ್ನೂ ಅದುಮಬೇಕು. ಇವರ ಬೆರಳು ಒಂದರಿಂದ ಮೂರಕ್ಕೆ ಹಾರುತ್ತದೆ, ಐದರ ಮೇಲೆ ಮೂರು ಸಲ ಕೂರುತ್ತದೆ, ಎರಡಕ್ಕೆ ಇಳಿಯುತ್ತದೆ.

"ಅಕ್ಕಾ, ಆ ಉಂಡೆ ಎಂತ ಪಾಪ ಮಾಡಿದೆ? ಮೂರು ಗುದ್ದು ಬಿತ್ತು," ಎಣ್ಣೆ ಬಾಣಲೆಯ ಮುಂದಿನಿಂದ ಪ್ರವೀಣ್ ಕೆಣಕುತ್ತಾನೆ.

"ಅದು ಪಂಚಮ, ಐದನೇ ಸ್ವರ. ಈ ಹಾಡಲ್ಲಿ ಮೂರು ಸಲ ಬರ್ತದೆ. ನೀನು ಎಣ್ಣೆ ನೋಡು."

ದಿನಕ್ಕೆ ಆರುನೂರು ಉಂಡೆ. ಎರಡು ವರ್ಷದಲ್ಲಿ ಕಲಿತದ್ದು ಏಳು ಹಾಡು. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದಾಗ ಅಮ್ಮಣ್ಣಿಗೆ ಹತ್ತೊಂಬತ್ತು. ದೋಸೆ ಹಾಕುತ್ತಿದ್ದ ಗಂಡ ತೀರಿಕೊಂಡ ಮೇಲೆ ಅದೇ ಅಡುಗೆಮನೆಗೆ ಇವರು ಬಂದರು. ಸಂಜೆಗೆ ಪಾದ ಊದಿ ಚಪ್ಪಲಿ ಹಿಡಿಸುವುದಿಲ್ಲ. ಮನೆಯಲ್ಲಿ ಹಾರ್ಮೋನಿಯಂ ಇಲ್ಲ. ವಾರಕ್ಕೆರಡು ಮಧ್ಯಾಹ್ನ, ನಿವೃತ್ತ ಟೀಚರ್ ನೀಲಗಂಗಮ್ಮನವರ ಮನೆಯಲ್ಲಿ ಪಾಠ. ಉಳಿದ ದಿನ ಹಿಟ್ಟೇ ಗತಿ.

"ಸ್ವರದ ಪುಸ್ತಕ ನೋಡಿದ್ರೆ ತಲೆ ತಿರುಗ್ತದೆ. ಉಂಡೆ ಆದ್ರೆ ಬೆರಳಿಗೇ ನೆನಪುಂಟು," ಎನ್ನುತ್ತಾರೆ.

ಆದರೆ ಹಾರ್ಮೋನಿಯಂಗೆ ಇರುವಂತೆ ಎಡಗೈಯಲ್ಲಿ ಗಾಳಿ ಹಾಕುವ ತಿದಿ ಉಂಡೆಗೆ ಇಲ್ಲ. ಸಾಲು ಮುಗಿದಾಗಲೆಲ್ಲ ಅವರ ಎಡಗೈ ಉದುರಿಸುವ ಹಿಟ್ಟಿಗೆ ಹೋಗುತ್ತದೆ. ಆ ರೂಢಿ ಹಾರ್ಮೋನಿಯಂಗೂ ಬಂತು. ಪ್ರತಿ ಸಾಲಿನ ಕೊನೆಗೆ ಎಡಗೈ ತಿದಿ ಬಿಟ್ಟು ಇಲ್ಲದ ಹಿಟ್ಟನ್ನು ಹುಡುಕುತ್ತದೆ, ಸ್ವರ ಉಸಿರು ಕಟ್ಟಿ ಸಾಯುತ್ತದೆ.

"ಎಡಗೈ ಎಲ್ಲಿಗೆ ಹೊಂಟ್ತು ತಂಗಿ? ಇಲ್ಲೇನು ಪೂರಿ ಕರೀತೀವೇನು?" ಎಂದು ನೀಲಗಂಗಮ್ಮ ನಕ್ಕಿದ್ದೇ ನಕ್ಕಿದ್ದು. ಈಗ ಅಮ್ಮಣ್ಣಿ ಹಿಟ್ಟನ್ನೂ ಬಲಗೈಯಲ್ಲೇ ಉದುರಿಸುತ್ತಾರೆ. ಎಡಗೈ ಲಟ್ಟಿಸುವ ಕಲ್ಲಿನ ಅಂಚು ಬಿಡುವುದಿಲ್ಲ. ಕೆಲಸ ಅರ್ಧ ಗಂಟೆ ತಡವಾಗುತ್ತದೆಂದು ಅಷ್ಟು ಬೇಗ ಬರುತ್ತಾರೆ.

ದೇವರ ಮುಂದೆ ಎಲ್ಲರೂ ಸಮಾನರೆಂದು ಮಂಡಳಿಯವರು ಪ್ರತಿ ಭಜನೆಯಲ್ಲೂ ಹಾಡುತ್ತಾರೆ. ನುಡಿಸುವ ಕೈ ಯಾರದು, ಬಡಿಸುವ ಕೈ ಯಾರದು ಎಂಬುದು ಮಾತ್ರ ಚಾಪೆ ಹಾಸುವ ಮೊದಲೇ ತೀರ್ಮಾನವಾಗಿರುತ್ತದೆ. "ಅವತ್ತು ಹಾಡ್ತಿದ್ದಾಕಿ ನಾನಽ. ಆಕೀನ ಎಬ್ಬಿಸಿದಾಗ ಸುಮ್ಮನ ಕುಂತೆ. ತಪ್ಪಾತು," ಎನ್ನುತ್ತಾರೆ ನೀಲಗಂಗಮ್ಮ. ಅಮ್ಮಣ್ಣಿಯವರ ಆಸೆ ದೊಡ್ಡದಲ್ಲ: "ಒಂದು ಹಾಡು ಕೊನೆವರೆಗೆ ನುಡಿಸ್ಬೇಕು. ಅಷ್ಟೇ."

ಈ ಶನಿವಾರ ಮತ್ತೆ ಭಜನೆ, ಮತ್ತೆ ಹಾರ್ಮೋನಿಯಂ ಮುಂದೆ ಅಮ್ಮಣ್ಣಿ. ಅದೇ ಹಾಡನ್ನು ನೀಲಗಂಗಮ್ಮ ಎತ್ತಿಕೊಳ್ಳುತ್ತಾರೆ. ಎರಡನೇ ಸಾಲು ಮುಗಿಯುವಷ್ಟರಲ್ಲಿ ಮಂಡಳಿಯ ಕಾರ್ಯದರ್ಶಿ ಹರಿಹರ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ.

"ಅಮ್ಮಣ್ಣಿ, ಪಂಕ್ತಿ ಕೂತಾಯ್ತು. ಏಳು ಮಾರಾಯ್ತಿ, ಸಾರು ಬಡಿಸ್ಲಿಕ್ಕೆ ಜನ ಇಲ್ಲ."

ನೀಲಗಂಗಮ್ಮ ಈ ಸಲ ಹಾಡು ನಿಲ್ಲಿಸುವುದಿಲ್ಲ. ಅಮ್ಮಣ್ಣಿ ಕೀಗಳಿಂದ ಕಣ್ಣು ಕೀಳುವುದಿಲ್ಲ.

"ನಾನು ಏಳುದಿಲ್ಲ. ಸೌಟು ಪಾತ್ರೆಯಲ್ಲೇ ಉಂಟು, ನೀವು ಬಡಿಸಿ."

ಸಾಲು ಮುಗಿಯುತ್ತದೆ. ಎಡಗೈ ತಿದಿಯ ಮೇಲೇ ಇದೆ.