ಇಲಿಮನೆಯ ದೊಡ್ಡಮ್ಮ

ಬೆಳಕು ಹರಿಯುವ ಮುನ್ನವೇ ದೊಡ್ಡಮ್ಮ ಮೊಣಕೈಯಿಂದ ಬಾಗಿಲು ತಳ್ಳಿ ಒಳಗೆ ಬರುತ್ತಾರೆ. ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಕೈಗೆ ಗವಸು. ಆಪರೇಷನ್ನಿಗೆ ಹೊರಟ ಡಾಕ್ಟರ ಗತ್ತು. ಗೋಡೆಯುದ್ದಕ್ಕೂ ಪಾರದರ್ಶಕ ಪಂಜರಗಳು, ಅವುಗಳಲ್ಲಿ ಮರದ ಹೊಟ್ಟಿನ ಹಾಸಿಗೆ, ಅದರ ಮೇಲೆ ಇಲಿಗಳ ಸಂಸಾರ.

"ಮೆಲ್ಲಗೆ ಮಾತಾಡಿ," ಎಂದು ನೋಡಲು ಬಂದ ನನ್ನನ್ನು ಗದರುತ್ತಾರೆ. "ಬಾಣಂತಿಯರಿದ್ದಾರೆ."

ಇದು ಒಂದು ಸಂಶೋಧನಾಲಯದ ನೆಲಮಾಳಿಗೆ. ಗಾರೆ ಕೆಲಸದ ಗಂಡನ ಬೆನ್ನು ಕೈಕೊಟ್ಟಾಗ ದೊಡ್ಡಮ್ಮ ಇಲ್ಲಿಗೆ ಕಸ ಗುಡಿಸಲು ಬಂದರು. ವಾಸನೆಗೆ ಹೆದರಿ ಯಾರೂ ಒಪ್ಪದ ಇಲಿಮನೆ ಅವರ ಪಾಲಿಗೆ ಬಂತು. ದಿನಕ್ಕೆ ಇನ್ನೂರು ಪಂಜರಗಳಿಗೆ ನೀರು, ಕಾಳು, ಹೊಸ ಹೊಟ್ಟು. ಇಲಿಗಳಿಗೆ ಭಾನುವಾರ ಗೊತ್ತಿಲ್ಲವಾದ್ದರಿಂದ ಇವರಿಗೂ ಗೊತ್ತಿಲ್ಲ. ಮಗಳ ಮದುವೆಯ ದಿನವೂ ಮೊದಲು ಇಲ್ಲಿಗೇ ಬಂದಿದ್ದರಂತೆ. "ಈ ವಾಸನೆಗೆ ಬಸ್ಸಲ್ಲಿ ನನ್ನ ಪಕ್ಕದ ಸೀಟು ಯಾವಾಗ್ಲೂ ಖಾಲಿ. ಚೀಲ ಇಟ್ಕೋತೀನಿ, ಅನುಕೂಲ."

ಮನೆಗೆ ಇಲಿ ಬಂದರೆ?

"ಬೋನು ಇಡ್ತೀನಿ. ಡ್ಯೂಟಿ ಬೇರೆ, ಮನೆ ಬೇರೆ."

ಹೋದ ತಿಂಗಳು ಮಾತ್ರ ಅವರ ಜೀವ ಬಾಯಿಗೆ ಬಂದಿತ್ತು. ಮೇಲಿನ ಮಹಡಿಯ ಸಂಶೋಧಕಿಯೊಬ್ಬಳ ಮೂರು ವರ್ಷದ ದುಡಿಮೆಯೆಲ್ಲ ಐದು ಮರಿಗಳಾಗಿ ಹುಟ್ಟಿತ್ತು. ಕ್ಯಾಲ್ಮೊಡ್ಯುಲಿನ್ ಎಂಬ ಪ್ರೊಟೀನು ಹೃದಯದ ಬಡಿತದಿಂದ ಹಿಡಿದು ನೂರು ಕೆಲಸಕ್ಕೆ ಬೇಕು. ಸಸ್ತನಿಗಳಲ್ಲಿ, ಎಂದರೆ ಇಲಿಯಲ್ಲೂ ನಮ್ಮಲ್ಲೂ, ಅದನ್ನು ತಯಾರಿಸಲು ಮೂರು ಪ್ರತ್ಯೇಕ ಜೀನುಗಳಿವೆ. ಮೂರರ ಬರಹ ಬೇರೆ ಬೇರೆ. ತಯಾರಾಗುವ ಪ್ರೊಟೀನು ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ್ದು. ಈ ಮರಿಗಳಲ್ಲಿ ಒಂದು ಜೀನನ್ನು ಭ್ರೂಣದಲ್ಲೇ ಅಳಿಸಲಾಗಿತ್ತು. ಉಳಿದೆರಡು ಜೀನುಗಳು ಸಂಸಾರ ತೂಗಿಸುತ್ತವೆಯೇ ಎಂಬುದು ಪ್ರಶ್ನೆ.

ಮರಿ ಹಾಕಿದ ಮಾರನೆಯ ಬೆಳಗ್ಗೆಯೇ ತಾಯಿ ಸತ್ತುಬಿದ್ದಿತ್ತು. ದೊಡ್ಡಮ್ಮ ತಣ್ಣಗಾಗುತ್ತಿದ್ದ ಮರಿಗಳನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿದರು. ಪಕ್ಕದ ಪಂಜರದಲ್ಲಿ ಆರು ಮಾಮೂಲಿ ಮರಿಗಳ ಬಾಣಂತಿಯಿತ್ತು. ಅದರ ಹಾಸಿಗೆಯ ಹೊಟ್ಟನ್ನೇ ಈ ಅನಾಥ ಮರಿಗಳ ಮೈಗೆ ಉಜ್ಜಿದರು. ತನ್ನದೇ ವಾಸನೆ ಬಂದರೆ ಸಾಕುತಾಯಿ ಕಚ್ಚುವುದಿಲ್ಲ. ಹಾಗೇ ಗೂಡಿನೊಳಗೆ ಬಿಟ್ಟರು. ಬಿಡುವ ಮುಂಚೆ ಗುರುತಿಗೆಂದು ಈ ಐದರ ಬಾಲಕ್ಕೆ ಶಾಯಿ ಹಚ್ಚಬೇಕಿತ್ತು. ಗಡಿಬಿಡಿಯಲ್ಲಿ ಮರೆತರು.

ಓಡಿಬಂದ ಸಂಶೋಧಕಿ ಪಂಜರದೊಳಗೆ ಇಣುಕಿದಳು. ಹನ್ನೊಂದು ಗುಲಾಬಿ ತುಣುಕುಗಳು.

"ದೊಡ್ಡಮ್ಮಾ, ಇದ್ರಲ್ಲಿ ನನ್ನವು ಯಾವ್ದು?"

"ತಪ್ಪಾಯ್ತಮ್ಮ. ಸದ್ಯಕ್ಕೆ ಎಲ್ಲಾ ನಿಂದೇ ಅಂದ್ಕೋ."

"ಈಗ್ಲೇ ತೆಗೆದು ಪರೀಕ್ಷೆ ಮಾಡಿಬಿಡ್ಲಾ?"

"ಬೇಡ್ವೇ ಬೇಡ. ಈಗ ಕೈ ಹಾಕಿದ್ರೆ ತಾಯಿ ಗಾಬರಿಯಾಗಿ ಅಷ್ಟನ್ನೂ ತಿಂದುಹಾಕ್ತಾಳೆ. ದೊಡ್ಡವಾಗ್ಲಿ, ಕಾಯೋಣ."

ಕಾದರು. ಸಂಶೋಧಕಿ ದಿನಾ ಬಂದು ಎಣಿಸಿ ಹೋದಳು. ದೊಡ್ಡಮ್ಮನಿಗೆ ಊಟ ಸೇರಲಿಲ್ಲ. ಮರಿಗಳು ಹಾಲು ಬಿಟ್ಟ ಮೇಲೆ ತೂಕ ನೋಡಿ, ಕಿವಿಯ ಚೂರು ತೆಗೆದು ಪರೀಕ್ಷಿಸಿದಾಗ ಜೀನಿಲ್ಲದ ಐದೂ ಸಿಕ್ಕವು. ಹನ್ನೊಂದರಲ್ಲಿ ಒಂದೂ ಸತ್ತಿರಲಿಲ್ಲ. ತೂಕದಲ್ಲಿ, ಓಟದಲ್ಲಿ, ತುಂಟತನದಲ್ಲಿ ಇವು ಬೇರೆಯವೆಂದು ಹೇಳುವಂತಿರಲಿಲ್ಲ. ಐದು ಮರಿಗಳಿಂದ ಲೋಕಕ್ಕೇನೂ ಸಾಬೀತಾಗುವುದಿಲ್ಲ, ನಿಜ. ಆದರೆ ಕೆಲಸ ಮುಂದುವರಿಸಲು ಸಂಶೋಧಕಿಗೆ ಅಷ್ಟು ಸಾಕು.

ದೊಡ್ಡಮ್ಮನಿಗೆ ಅವಳು ಬಿಡಿಸಿ ಹೇಳಿದಳಂತೆ: ಮನೆಯಲ್ಲಿ ಮೂವರು ಅಡುಗೆಯವರು, ಒಬ್ಬರು ಮಲಗಿದರೂ ಅದೇ ಅಡುಗೆ, ಅದೇ ರುಚಿ.

"ನಮ್ಮನೇಲಿ ಹಾಗಾಗಲ್ಲಮ್ಮ. ಯಜಮಾನ್ರು ಮಾಡಿದ್ರೆ ಬೀದಿಗೆಲ್ಲ ಗೊತ್ತಾಗತ್ತೆ," ಎಂದು ಇವರು ನಕ್ಕರಂತೆ. ನಗುತ್ತಲೇ ಅವಳು ಇವರನ್ನು ತಬ್ಬಿಕೊಂಡಳಂತೆ. "'ವಾಸನೆ ಕಣೇ' ಅಂದ್ರೂ ಬಿಡ್ಲಿಲ್ಲ," ಎನ್ನುತ್ತಾರೆ ದೊಡ್ಡಮ್ಮ.

ನಿಮಗೇನು ಬೇಕು ಎಂದು ಕೇಳುತ್ತೇನೆ. ದೊಡ್ಡಮ್ಮ ಮೂಲೆಯ ಪಂಜರದತ್ತ ಕೈ ತೋರಿಸುತ್ತಾರೆ. ಕೆಲಸ ಮುಗಿದ ಇಲಿಗಳನ್ನು ಇಲ್ಲಿ ಉಳಿಸಿಕೊಳ್ಳುವುದಿಲ್ಲ. ಅಲ್ಲಿ ಮಾತ್ರ ಒಂದು ಬಡಕಲು ಇಲಿ ಹೊಟ್ಟಿನಲ್ಲಿ ಹೂತು ಮಲಗಿದೆ.

"ಅವಳು ಇರೋಷ್ಟು ದಿನ ಇಲ್ಲೇ ಇರ್ಲಿ ಅಂತ ಆ ಹುಡುಗಿ ಹತ್ರ ಮಾತು ತಗೊಂಡಿದ್ದೀನಿ," ಎಂದು ನೀರಿನ ಬಾಟಲಿ ಬದಲಿಸುತ್ತಾರೆ. "ನಾವಿಬ್ರೂ ಯಾವ್ದು ಯಾರದ್ದು ಅಂತ ತಲೆ ಕೆಡಿಸ್ಕೊಂಡು ಕೂತಿದ್ವಿ. ಅವಳು ಹಾಲು ಕೊಡ್ತಿದ್ಲು."