ನಕ್ಷೆಯಲ್ಲಿ ಬಾರದ ವಸ್ತಿ

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಪುಣೆಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ತಂತ್ರಾಂಶ ಮಾಡುತ್ತಿದ್ದೆವು. ಬಿಡಿಸಿದ ನಕ್ಷೆಯನ್ನು ಫೈಲು ಮಾಡಿ ಹೊರಗೆ ಕಳಿಸುವ ಭಾಗ, ಅಂದರೆ ಎಕ್ಸ್‌ಪೋರ್ಟ್, ನನ್ನದು. ಅದನ್ನು ಒತ್ತಿದರೆ ಒಂದು ಕಿಟಕಿ ತೆರೆದು ಹದಿನೇಳು ಪ್ರಶ್ನೆ ಕೇಳುತ್ತಿತ್ತು. ಇಷ್ಟೆಲ್ಲ ಕೇಳಬಲ್ಲ ಕಿಟಕಿ ಬರೆದೆನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಪುಣೆ ಹತ್ತಿರದ ತಳೇಗಾಂವದ ಒಂದು ಕಚೇರಿ ನಮ್ಮ ತಂತ್ರಾಂಶ ತೆಗೆದುಕೊಂಡಿತ್ತು. ನೀರಿನ ಪೈಪು ಎಲ್ಲೆಲ್ಲಿ ಹೋಗಬೇಕು ಎಂದು ನಕ್ಷೆ ಮಾಡಿಕೊಡುವುದು ಅವರ ಕಸುಬು. ಅಲ್ಲಿ ನಕ್ಷೆ ಬಿಡಿಸುತ್ತಿದ್ದವರು ಬೆಳಗಾವಿ ಕಡೆಯ, ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಇಪ್ಪತ್ತು ವರ್ಷ ಕೈಯಿಂದಲೇ ನಕ್ಷೆ ಬರೆದವರು, ಆಗಷ್ಟೇ ಕಂಪ್ಯೂಟರ್ ಕಲಿತಿದ್ದರು. ನಾನು ಧಾರವಾಡದವನೆಂದು ತಿಳಿದ ಮೇಲೆ ಏನಾದರೂ ತೊಡಕಾದರೆ ನೇರ ನನಗೇ ಫೋನು ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಊಟಕ್ಕೆ ಎದ್ದಿದ್ದೆ. ಫೋನು ಬಂತು.

"ಸರ್, ನಕ್ಷೆ ಹೊರಗ ಕಳಸೂಮುಂದ ಇದು ಭಾಳ ಪ್ರಶ್ನೆ ಕೇಳತದರಿ. ಯಾವುದಕ್ಕ ಹೂಂ ಅನ್ನಬೇಕು ತಿಳೀವಲ್ದು."

"ಮೇಡಂ, ಏನೂ ಮುಟ್ಟಬ್ಯಾಡ್ರಿ. ಎಲ್ಲಾ ಇದ್ದಾಂಗ ಬಿಟ್ಟು ಓಕೆ ಒತ್ತಿಬಿಡ್ರಿ."

"ಏನೂ ಬಿಟ್ಟುಹೋಗೂದಿಲ್ಲಲ್ಲರಿ?"

"ಏನೂ ಹೋಗೂದಿಲ್ಲ."

ಫೋನಿಟ್ಟು ಡಬ್ಬಿ ಬಿಚ್ಚಿದೆ.

ಆ ಹದಿನೇಳರಲ್ಲಿ ಒಂದು, 'ಪರದೆಯ ಮೇಲೆ ಕಾಣುವಷ್ಟೇ ಭಾಗ ಕಳಿಸು' ಎಂಬುದು. ಅದಕ್ಕೆ ಮೊದಲೇ ಗುರುತು ಬಿದ್ದಿರುತ್ತಿತ್ತು. ಗುರುತು ಹಾಕಿಟ್ಟವನು ನಾನೇ. ಪರೀಕ್ಷೆ ಮಾಡುವಾಗ ಪೂರ್ತಿ ನಕ್ಷೆ ಹೊರಬರಲು ಹೊತ್ತು ಹಿಡಿಯುತ್ತಿತ್ತು, ತುಂಡು ನಕ್ಷೆ ಬೇಗ ಬರುತ್ತಿತ್ತು. ಆಮೇಲೆ ತೆಗೆದರಾಯಿತು ಅಂದುಕೊಂಡು ಮರೆತೆ. ಸಾಲದ್ದಕ್ಕೆ, ತುಂಡಾದ ನಕ್ಷೆಗೂ ನಮ್ಮ ತಂತ್ರಾಂಶ ಸುತ್ತ ಚೆಂದದ ಚೌಕಟ್ಟು ಹಾಕುತ್ತಿತ್ತು. ನೋಡಿದವರಿಗೆ ಏನೋ ಕಡಿಮೆಯಾಗಿದೆ ಎಂಬ ಅನುಮಾನವೇ ಬಾರದು.

ಅವರು ನನ್ನ ಮಾತಿನಂತೆ ಓಕೆ ಒತ್ತಿದರು. ಪರದೆಯ ಹೊರಗೆ, ನಕ್ಷೆಯ ಮೂಲೆಯಲ್ಲಿ ಒಂದು ವಸ್ತಿ, ಕೂಲಿಕಾರರ ಕೇರಿ, ಇತ್ತು. ಕಳಿಸಿದ ಫೈಲಿನಲ್ಲಿ ಅದು ಬಿಟ್ಟುಹೋಯಿತು. ಗುತ್ತಿಗೆದಾರರು ಕೈಗೆ ಬಂದ ಹಾಳೆಯಂತೆ ಪೈಪು ಹೂತು ಕೆಲಸ ಮುಗಿಸಿದರು. ಸುತ್ತಲಿನ ಕಾಲನಿಗಳಿಗೆಲ್ಲ ನಲ್ಲಿ ಬಂತು, ಆ ವಸ್ತಿಗೆ ಬರಲಿಲ್ಲ.

ಸಂಗತಿ ಗೊತ್ತಾದಾಗ ಆ ಕಚೇರಿಯ ಮಾಲೀಕರು ಆ ಹೆಣ್ಣುಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಮೇಜಿನ ಆ ಬದಿಗೆ ಅವರಿಬ್ಬರು, ಈ ಬದಿಗೆ ನಾನು ಮತ್ತು ನನ್ನ ಮ್ಯಾನೇಜರ್. ತಪ್ಪು ತಂತ್ರಾಂಶದ್ದೋ, ನಮ್ಮ ಕಚೇರಿಯವರದ್ದೋ, ಅಷ್ಟು ಹೇಳಿ ಎಂದು ಮಾಲೀಕರು ಮರಾಠಿಯಲ್ಲಿ ಕೇಳಿದರು. ನಾನು ತಂತ್ರಾಂಶದ ಕೈಪಿಡಿ ತೆರೆದು ಆ ಗುರುತಿನ ಪುಟ ತೋರಿಸಿದೆ. "ಇಲ್ಲಿ ಬರೆದಿದ್ದೇವಲ್ಲ. ಕಳಿಸುವ ಮುಂಚೆ ನೋಡಿಕೊಳ್ಳಬೇಕಿತ್ತು" ಎಂದೆ.

ಆಕೆ ತಲೆಯೆತ್ತಿ ನನ್ನನ್ನು ನೋಡಿದರು. ನೀವೇ ಹೇಳಿದಿರಲ್ಲ ಅನ್ನುತ್ತಾರೆ ಎಂದು ಹೆದರಿದೆ. ಅವರು ಸೆರಗು ಸರಿಮಾಡಿಕೊಂಡು ಕೈಪಿಡಿಯ ಆ ಪುಟವನ್ನೇ ನೋಡುತ್ತ ಕೂತರು. ಮತ್ತೆ ಅವರ ಫೋನು ಬರಲಿಲ್ಲ.

ಮುಂದಿನ ಎರಡು ತಿಂಗಳು ನಾನು ಆ ಕಿಟಕಿಯನ್ನು ಬುಡದಿಂದ ಬದಲಿಸಿದೆ. ಹದಿನೇಳು ಪ್ರಶ್ನೆ ಮೂರಾದವು. ಪೂರ್ತಿ ನಕ್ಷೆಯೋ, ಕಾಣುವಷ್ಟೋ? ಮುದ್ರಣಕ್ಕೋ, ಬೇರೆ ಕಂಪ್ಯೂಟರಿಗೋ? ಹಾಳೆ ಎಷ್ಟು ದೊಡ್ಡದು? ಮೊದಲ ಪ್ರಶ್ನೆಗೆ ಯಾವ ಗುರುತನ್ನೂ ಹಾಕಿಡಲಿಲ್ಲ, ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಪಕ್ಕದಲ್ಲೇ ಇಡೀ ನಕ್ಷೆಯ ಸಣ್ಣ ಚಿತ್ರ. ಹೊರಗೆ ಹೋಗದೆ ಉಳಿಯುವ ಭಾಗ ಅದರಲ್ಲಿ ಬೂದುಬಣ್ಣಕ್ಕೆ ತಿರುಗುತ್ತಿತ್ತು.

ಈ ಹೊಸ ಕಿಟಕಿ ಹಾಕಿಕೊಡಲು ಲೋಕಲ್ ರೈಲು ಹಿಡಿದು ತಳೇಗಾಂವಕ್ಕೆ ಹೋದೆ. ನಕ್ಷೆಯ ಕಂಪ್ಯೂಟರಿನ ಮುಂದೆ ಬೇರೆ ಯಾರೋ ಕೂತಿದ್ದರು. ನನಗೆ ಫೋನು ಮಾಡುತ್ತಿದ್ದ ಆಕೆ ಬಾಗಿಲ ಬಳಿಯ ಮೇಜಿನ ಮುಂದೆ ಕೂತು, ಬಂದ ಪತ್ರಗಳನ್ನು ರಿಜಿಸ್ಟರಿಗೆ ಏರಿಸುತ್ತಿದ್ದರು. "ಬರ್ರಿ ಸರ್" ಎಂದರು, ಅಷ್ಟೇ. ಕೆಲಸ ಮುಗಿಸಿ ಹೊರಬಿದ್ದವನಿಗೆ ಆ ವಸ್ತಿ ನೋಡಬೇಕೆನಿಸಿತು.

ತಗಡಿನ ಮನೆಗಳ ಎರಡು ಸಾಲು. ಹೆಂಗಸೊಬ್ಬಳು ಪಕ್ಕದ ಕಾರ್ಖಾನೆಯೊಂದರ ಗೇಟಿನ ಕಡೆಯಿಂದ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬರುತ್ತಿದ್ದಳು. ಹಿಂದಿದ್ದ ಮಗುವಿಗೆ ಕನ್ನಡದಲ್ಲಿ ಗದರಿದಳು. ಯಾವೂರು ಎಂದು ನಾನು ಕನ್ನಡದಲ್ಲೇ ಕೇಳಿದೆ. ಆಕೆಯ ಮುಖ ಅರಳಿತು.

"ಯಾದಗಿರಿ ಕಡೇರು ಅಣ್ಣಾ. ನೀವೂ ನಮ್ಮ ಮಾತಿನೋರ ಏನು! ಬಿಸಲಾಗ ಬಂದೀರಿ, ತಡೀರಿ, ನೀರು ಕುಡೀರಿ."

ಬೇಡವೆಂದೆ. ಕೇಳಲಿಲ್ಲ. ಕೊಡ ಇಳಿಸಿ, ತಂಬಿಗೆ ತುಂಬಿಸಿ ಕೊಟ್ಟಳು. ಆಕೆ ನೋಡುತ್ತ ನಿಂತಿದ್ದಳು, ನಾನು ಕುಡಿದೆ. ಇನ್ನಷ್ಟು ಬೇಕೇನು ಎಂದಳು.

ಸ್ಟೇಷನ್ನಿನ ದಾರಿ ಹಿಡಿಯಲಿಲ್ಲ. ತಿರುಗಿ ಕಚೇರಿಗೆ ನಡೆದೆ. ಮಾಲೀಕರ ಎದುರು ನಿಂತು ಎಲ್ಲ ಹೇಳಿದೆ: ಗುರುತು ನನ್ನದು, ಮುಟ್ಟಬೇಡಿ ಎಂದು ಫೋನಿನಲ್ಲಿ ಹೇಳಿದ್ದು ನಾನು, ಮೇಡಂ ನನ್ನನ್ನು ಕೇಳಿಯೇ ಮಾಡಿದ್ದು. ಅವರು, ಆದದ್ದು ಆಯಿತು, ಈಗ ಹೊಸಬರು ಕೆಲಸಕ್ಕೆ ಹೊಂದಿಕೊಂಡಿದ್ದಾರೆ ಎಂದರು. ವಸ್ತಿಗೆ ನಲ್ಲಿ ಮುಂದಿನ ಹಂತದಲ್ಲಿ ಬರುತ್ತದಂತೆ.

ಹೊರಗೆ ಬಂದಾಗ ಆಕೆ ಪೆನ್ನು ಕೆಳಗಿಟ್ಟಿದ್ದರು. ಬಾಗಿಲು ತೆರೆದೇ ಇತ್ತು, ಮಾತೆಲ್ಲ ಕೇಳಿಸಿತ್ತು.

"ತಪ್ಪಾತ್ರಿ ಮೇಡಂ" ಎಂದೆ.

"ಹೇಳೂದಿದ್ರ ಅವತ್ತ ಹೇಳಬೇಕಾಗಿತ್ತರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೊಂದು ಪತ್ರ ಎತ್ತಿಕೊಂಡು ಅದರ ನಂಬರು ಬರೆಯತೊಡಗಿದರು.

ಮುಂದೆ ನಮ್ಮ ಕಂಪನಿ ಪುಣೆಯ ಐಟಿ ಬಡಾವಣೆ ಹಿಂಜವಾಡಿಗೆ ಹೋಯಿತು. ಹೊಸದಾಗಿ ಸೇರಿದವರಿಗೆ ಆ ಮೂರು ಪ್ರಶ್ನೆಯ ಕಿಟಕಿ ತೋರಿಸಿ, ಬಳಸುವವರ ಕಷ್ಟ ಹೀಗೆ ಅರಿಯಬೇಕು ಎಂದು ಮ್ಯಾನೇಜರ್ ನನ್ನ ಬೆನ್ನು ತಟ್ಟುತ್ತಿದ್ದರು. ಎಲ್ಲರೂ ನನ್ನತ್ತ ತಿರುಗುತ್ತಿದ್ದರು. ಆ ಫೋನಿನ ಬಗ್ಗೆ ನಾನು ಒಮ್ಮೆಯೂ ಬಾಯಿ ಬಿಡಲಿಲ್ಲ.